ಬೆಳಕೂ ಬೇಕು, ನದಿಯೂ ಬದುಕಬೇಕು

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ಎರಡು ನದಿಗಳು ಹೆಚ್ಚಿನ ಅಂತರವಿಲ್ಲದೆ ಅರಬ್ಬೀ ಸಮುದ್ರವನ್ನು ಸೇರುತ್ತವೆ. ಹೊನ್ನಾವರದಲ್ಲಿ ಶರಾವತಿ, ಅದರ ಉತ್ತರಕ್ಕೆ, ಕುಮಟಾ ತಾಲೂಕಿನ ತದಡಿಯ ಬಳಿ ಅಘನಾಶಿನಿ. ಎರಡೂ ಘಟ್ಟದ ಮೇಲೆ ಹುಟ್ಟಿದವು. ಎರಡೂ ಒಂದೇ ಮುಂಗಾರಿನ ಮಳೆಯಿಂದ ತುಂಬಿಕೊಳ್ಳುವಂಥವು. ಎರಡರ ದಡಗಳಲ್ಲಿಯೂ ಮೀನುಗಾರರು, ಗೇಣಿದಾರರು, ತೋಟಿಗರು ಹಾಗೂ ಅವರ ನಡುವೆ ನಮ್ಮ ಕಥೋಲಿಕ ಕುಟುಂಬಗಳು ತಲೆಮಾರುಗಳಿಂದ ಬದುಕು ಕಟ್ಟಿಕೊಂಡು ಬಂದಿವೆ. ಆದರೆ ಶರಾವತಿಗೆ ಅಣೆಕಟ್ಟುಗಳಿವೆ, ಅಘನಾಶಿನಿಗೆ ಇಲ್ಲ. ಈ ಒಂದು ಭೇದದಿಂದ ಏನೇನಾಯಿತು ಎಂಬುದನ್ನು ಶಾಂತಚಿತ್ತದಿಂದ ಪರಿಶೀಲಿಸಿದರೆ, ಇಂದು ಎಲ್ಲರ ಬಾಯಲ್ಲಿಯೂ ಕೇಳಿಬರುವ ‘ಶುದ್ಧ ಇಂಧನ’ ಎಂಬ ಮಾತಿನ ನಿಜವಾದ ತೂಕ ನಮಗೆ ತಿಳಿದೀತು.

ಈ ವಿಚಾರವನ್ನು ಈ ವಾರದ ಅಂಕಣಕ್ಕೆ ಎತ್ತಿಕೊಳ್ಳಲು ಕಾರಣವಿದೆ. ಶರಾವತಿ ಕಣಿವೆಯಲ್ಲಿ 2000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯೊಂದನ್ನು ಕೈಗೊಳ್ಳುವ ಪ್ರಸ್ತಾಪ ಹಲವು ವರ್ಷಗಳಿಂದ ಚರ್ಚೆಯಲ್ಲಿದೆ. 2025ರ ಸೆಪ್ಟೆಂಬರಿನಲ್ಲಿ ಅದರ ಬಗ್ಗೆ ಘಟ್ಟದ ಮೇಲೆಯೂ ಕೆಳಗೂ ಸಾರ್ವಜನಿಕ ಅಹವಾಲು ಸಭೆಗಳು ನಡೆದು, ಸ್ಥಳೀಯರ ತೀವ್ರ ವಿರೋಧ ವ್ಯಕ್ತವಾಯಿತು. ಯೋಜನೆಯ ಪರವಾಗಿರುವವರು ಶುದ್ಧ ಇಂಧನದ ಹೆಸರನ್ನು ಹೇಳುತ್ತಾರೆ. ವಿರೋಧಿಸುವವರು ನದಿಯ ಆರೋಗ್ಯದ ಹೆಸರನ್ನು ಹೇಳುತ್ತಾರೆ. ಎರಡೂ ಒಳ್ಳೆಯ ಹೆಸರುಗಳೇ. ಕೆಡುಕು ಮತ್ತು ಒಳಿತಿನ ನಡುವೆ ಆರಿಸಿಕೊಳ್ಳುವುದು ಕಷ್ಟವಲ್ಲ. ಎರಡು ಒಳಿತುಗಳು ಎದುರುಬದುರಾಗಿ ನಿಂತಾಗಲೇ ವಿವೇಕದ ಪರೀಕ್ಷೆ. ಇದು ಎಂಜಿನಿಯರುಗಳ ವಿಷಯ, ನಮಗೇಕೆ ಎಂದು ನಮ್ಮವರಲ್ಲಿ ಅನೇಕರು ಸುಮ್ಮನಾಗಿಬಿಡುತ್ತಾರೆ. ಹಾಗೆ ಸುಮ್ಮನಾಗುವುದು ಸರಿಯಲ್ಲವೆಂಬುದು ನಮ್ಮ ವಿನಮ್ರ ಅಭಿಪ್ರಾಯ.

ಮೊದಲು ಶಬ್ದದ ವಿಚಾರ. ತರ್ಕಶಾಸ್ತ್ರದ ವಿದ್ಯಾರ್ಥಿಗಳಿಗೆ ಆರಂಭದಲ್ಲಿಯೇ ಕಲಿಸುವ ಒಂದು ಎಚ್ಚರಿಕೆಯಿದೆ: ಒಂದು ವಸ್ತುವಿನ ಒಂದು ಅಂಶದ ಬಗ್ಗೆ ಹೇಳಬಹುದಾದುದನ್ನು ಇಡೀ ವಸ್ತುವಿನ ಬಗ್ಗೆ ಹೇಳಿಬಿಡಬಾರದು. ಒಬ್ಬನ ಹಲ್ಲು ಬಿಳಿಯಾಗಿದೆಯೆಂದ ಮಾತ್ರಕ್ಕೆ ಆ ಮನುಷ್ಯನೇ ಬಿಳಿಯೆನ್ನಲಾಗದು. ‘ಶುದ್ಧ ಇಂಧನ’ ಎನ್ನುವಾಗ ನಾವು ಸಾಮಾನ್ಯವಾಗಿ ಹೇಳುತ್ತಿರುವುದು ಇಷ್ಟೇ: ಇದರ ಉತ್ಪಾದನೆಯಲ್ಲಿ ಕಲ್ಲಿದ್ದಲು ಉರಿಯುವುದಿಲ್ಲ, ಹೊಗೆ ಏಳುವುದಿಲ್ಲ. ಇದು ಸತ್ಯವೂ ಹೌದು, ದೊಡ್ಡ ಗುಣವೂ ಹೌದು. ಆದರೆ ಇದು ಗಾಳಿಯ ದೃಷ್ಟಿಯಿಂದ ಹೇಳಿದ ಶುದ್ಧತೆ. ನೀರಿನ ದೃಷ್ಟಿಯಿಂದ, ಕಾಡಿನ ದೃಷ್ಟಿಯಿಂದ, ಆ ಸ್ಥಳದಲ್ಲಿ ವಾಸಿಸುವ ಬಡವರ ದೃಷ್ಟಿಯಿಂದ ಅದು ಶುದ್ಧವೇ ಎಂಬ ಪ್ರಶ್ನೆ ಹಾಗೆಯೇ ಉಳಿದಿರುತ್ತದೆ. ಆ ಪ್ರಶ್ನೆಗೆ ಉತ್ತರ ಹೌದೂ ಆಗಬಹುದು, ಅಲ್ಲವೂ ಆಗಬಹುದು. ಕೇಳದೆಯೇ ಉತ್ತರ ಬಂದಿತೆಂದು ಭಾವಿಸುವುದು ಮಾತ್ರ ತಪ್ಪು.

ಶರಾವತಿಯ ಋಣ ಕರ್ನಾಟಕದ ಮೇಲೆ ಅಪಾರವಾಗಿದೆ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಸುಮಾರು 130 ಕಿಲೋಮೀಟರ್ ಹರಿಯುವ ಈ ಚಿಕ್ಕ ನದಿ, ಜೋಗದಲ್ಲಿ 253 ಮೀಟರ್ ಆಳಕ್ಕೆ ಧುಮುಕುತ್ತದೆ. ಆ ಎತ್ತರವೇ ಅದರ ಸಂಪತ್ತು. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಆ ಬಳಿಕ 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ಬಂದಿತು. ಅದರ ಕೆಳಗೆ ಗೇರುಸೊಪ್ಪೆಯಲ್ಲಿ 240 ಮೆಗಾವಾಟಿನ ಇನ್ನೊಂದು. ದಶಕಗಳ ಕಾಲ ಬೆಂಗಳೂರಿನ ಕಾರ್ಖಾನೆಗಳು, ಬಯಲುಸೀಮೆಯ ಪಂಪುಸೆಟ್ಟುಗಳು, ನಮ್ಮ ಶಾಲೆ, ಆಸ್ಪತ್ರೆ, ಇಗರ್ಜಿಗಳು ಈ ನದಿಯ ಬೆಳಕಿನಲ್ಲಿ ಬೆಳೆದವು. ಈ ಉಪಕಾರವನ್ನು ಮರೆತು ಅಣೆಕಟ್ಟುಗಳನ್ನು ಸಾರಾಸಗಟಾಗಿ ಹಳಿಯುವುದು ಕೃತಘ್ನತೆಯಾದೀತು.

ಆದರೆ ಈ ಬೆಳಕಿಗೆ ಬೆಲೆ ತೆತ್ತವರು ಯಾರು? ಲಿಂಗನಮಕ್ಕಿಯ ಹಿನ್ನೀರು 300 ಚದರ ಕಿಲೋಮೀಟರಿಗೂ ಮಿಕ್ಕಿದ ನೆಲವನ್ನು ಆವರಿಸಿತು. ಗದ್ದೆ, ತೋಟ, ದೇವಸ್ಥಾನ, ಮನೆಮಠಗಳನ್ನು ಬಿಟ್ಟು ಸಹಸ್ರಾರು ಕುಟುಂಬಗಳು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡಂಚುಗಳಿಗೆ ಹೋಗಿ ನೆಲೆಸಬೇಕಾಯಿತು. ಅವರನ್ನು ಇಂದಿಗೂ ‘ಮುಳುಗಡೆ ಸಂತ್ರಸ್ತರು’ ಎಂದೇ ಕರೆಯುತ್ತಾರೆ. ಅವರಲ್ಲಿ ಅನೇಕರು ಅರವತ್ತು ವರ್ಷಗಳ ಮೇಲೂ ತಾವು ಉಳುವ ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ. ಹಿನ್ನೀರಿನ ಆಚೆ ಉಳಿದ ಊರುಗಳವರು ಲಾಂಚನ್ನು ನಂಬಿ ಬದುಕಿದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾದುದು 2025ರ ಜುಲೈಯಲ್ಲಿ. ನಾಡಿಗೆಲ್ಲ ದೀಪ ಹಚ್ಚಿದವರು ತಮ್ಮ ರೋಗಿಗಳನ್ನು, ಬಸುರಿಯರನ್ನು ಆಸ್ಪತ್ರೆಗೆ ಸಾಗಿಸಲು ಒಂದು ಸೇತುವೆಗಾಗಿ ಆರು ದಶಕ ಕಾದರು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ಮುಳುಗಡೆಯ ಕಥೆ ಅನೇಕರಿಗೆ ಗೊತ್ತು. ಅಳಿವೆಯ ಕಥೆ ಅಷ್ಟಾಗಿ ಗೊತ್ತಿಲ್ಲ. ನದಿಯ ಸಿಹಿನೀರೂ ಸಮುದ್ರದ ಉಪ್ಪುನೀರೂ ಸೇರುವ ಅಳಿವೆಯಲ್ಲಿ ಋತುವಿಗೆ ತಕ್ಕ ಒಂದು ಕ್ರಮವಿರುತ್ತದೆ. ಮಳೆಗಾಲದಲ್ಲಿ ಸಿಹಿನೀರು ಮೇಲುಗೈ ಸಾಧಿಸುತ್ತದೆ. ಚಳಿಗಾಲ ಕಳೆದು ಬೇಸಗೆ ಬರುವ ಹೊತ್ತಿಗೆ ನದಿಯ ಹರಿವು ತಗ್ಗಿ, ಭರತದ ನೀರು ಒಳನಾಡಿನವರೆಗೆ ಏರಿಬರುತ್ತದೆ. ಮೀನುಗಳು ಮರಿಮಾಡುವುದು, ಸಿಗಡಿ ಬೆಳೆಯುವುದು, ಚಿಪ್ಪುಜೀವಿಗಳು ಕೆಸರಿನಲ್ಲಿ ನೆಲೆಗೊಳ್ಳುವುದು ಈ ಕ್ರಮವನ್ನು ಅನುಸರಿಸಿಯೇ. ವಿದ್ಯುದಾಗಾರಗಳ ಕೆಳಗಿನ ನದಿಯಲ್ಲಿ ಈ ಕ್ರಮ ತಪ್ಪುತ್ತದೆ. ವಿದ್ಯುತ್ತು ವರ್ಷವಿಡೀ ಬೇಕು. ಆದುದರಿಂದ ನೀರನ್ನೂ ವರ್ಷವಿಡೀ ಬಿಡಬೇಕು. ಬೇಸಗೆಯಲ್ಲಿಯೂ ಸಿಹಿನೀರು ಇಳಿದುಬರುತ್ತಿರುವುದರಿಂದ ಶರಾವತಿಯ ಅಳಿವೆಯಲ್ಲಿ ಲವಣಾಂಶ ತೀರ ಕಡಿಮೆಯಾಗಿ, ಮೀನಿನ ಜಾತಿಗಳು ವಿರಳವಾಗಿ, ಚಿಪ್ಪುಜೀವಿಗಳು ಬಹುಮಟ್ಟಿಗೆ ಇಲ್ಲವಾದುವೆಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಜಿಲ್ಲೆಯ ಅಳಿವೆಗಳನ್ನು ಹೋಲಿಸಿ ನಡೆಸಿದ ಅಧ್ಯಯನಗಳಲ್ಲಿ ದಾಖಲಿಸಿದ್ದಾರೆ. ಇಲ್ಲಿ ಯಾರೂ ನದಿಗೆ ವಿಷ ಬೆರೆಸಲಿಲ್ಲ, ಯಾವ ಕೊಳವೆಯಿಂದಲೂ ಕಪ್ಪುನೀರು ಬರಲಿಲ್ಲ. ಕುಡಿಯಲು ಯೋಗ್ಯವಾದ ಸಿಹಿನೀರೇ ತಪ್ಪಿದ ಕಾಲದಲ್ಲಿ ಬಂದು ಅಳಿವೆಯ ಬದುಕನ್ನು ಕೆಡಿಸಿತು.

ಈಗ ಅಘನಾಶಿನಿಯತ್ತ ನೋಡೋಣ. ಶಿರಸಿ ತಾಲೂಕಿನಲ್ಲಿ ಹುಟ್ಟುವ ಈ ನದಿಯ ಹೆಸರಿನ ಅರ್ಥ ಪಾಪವನ್ನು ನಾಶಮಾಡುವವಳು ಎಂದು. ಉಗಮದಿಂದ ಸಮುದ್ರದವರೆಗೆ ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಹರಿಯುವ, ನಮ್ಮ ಪಶ್ಚಿಮ ಘಟ್ಟದ ಕೆಲವೇ ನದಿಗಳಲ್ಲಿ ಇದೊಂದು. ಇದರ ಅಳಿವೆಯಲ್ಲಿ ಇಳಿತದ ವೇಳೆಗೆ ದೋಣಿಗಳಲ್ಲಿ ಹೋಗಿ ಬಳಚು ಹೆಕ್ಕುವ ಹೆಂಗಸರು ಗಂಡಸರು ಸಾವಿರಾರು ಮಂದಿ. ದಕ್ಷಿಣ ಕನ್ನಡದ ಓದುಗರು ಮರ್ವಾಯಿ ಎಂದು ಕರೆಯುವ ಚಿಪ್ಪುಗಳಿಗೆ ಇವು ಹತ್ತಿರದ ನೆಂಟರು. ಬಂಡವಾಳವಿಲ್ಲದೆ, ಬಲೆಯೂ ಇಲ್ಲದೆ, ಬರಿಗೈಯಿಂದ ದುಡಿದು ಮನೆಯ ಅಡುಗೆಗೂ ಸಂತೆಯ ಖರ್ಚಿಗೂ ಒದಗಿಸಿಕೊಳ್ಳುವ ಕಸುಬು ಇದು. ಅಳಿವೆಯ ಅಂಚಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ಸಹಿಸಿ ಬೆಳೆಯುವ ಕಗ್ಗ ಎಂಬ ಭತ್ತವಿದೆ, ಕಾಂಡ್ಲಾ ಕಾಡುಗಳಿವೆ, ಕೊಯ್ಲಿನ ಬಳಿಕ ಅದೇ ಗದ್ದೆಗಳಲ್ಲಿ ಸಿಗಡಿಯೂ ಮೀನೂ ಸಿಗುತ್ತವೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಒಪ್ಪಂದದಡಿ ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶವೆಂದು ಘೋಷಿತವಾಯಿತು.

ಈ ನದಿ ಹೀಗೆ ಉಳಿದುದು ಆಕಸ್ಮಿಕವಲ್ಲ. ಇಲ್ಲಿಯೂ ಜಲವಿದ್ಯುತ್ ಯೋಜನೆಯ ಪ್ರಸ್ತಾಪ ಬಂದಿತ್ತು. ಈ ಶತಮಾನದ ಮೊದಲ ದಶಕದಲ್ಲಿ ತದಡಿಯಲ್ಲಿ 4000 ಮೆಗಾವಾಟಿನ ಬೃಹತ್ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪವೂ ಬಂದಿತು. ಎರಡನ್ನೂ ಜನ ವಿರೋಧಿಸಿದರು, ಎರಡೂ ನಿಂತವು. ಅದಕ್ಕೂ ಮುನ್ನ, 1980ರ ಸುಮಾರಿನಲ್ಲಿ, ಇದೇ ಜಿಲ್ಲೆಯ ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆಯ ವಿರುದ್ಧ ಶಿರಸಿ, ಯಲ್ಲಾಪುರಗಳ ಅಡಿಕೆ ಬೆಳೆಗಾರರು ಎದ್ದುನಿಂತಾಗ ಅವರು ಬರೀ ಘೋಷಣೆ ಕೂಗಲಿಲ್ಲ. 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನೂ ತಜ್ಞರನ್ನೂ ಕರೆಸಿ, ಯೋಜನೆಯ ಲಾಭನಷ್ಟಗಳ ಲೆಕ್ಕವನ್ನು ಅಂಕಿಗೆ ಅಂಕಿಯಿಟ್ಟು ಪರೀಕ್ಷಿಸಿದರು. ಆ ಯೋಜನೆ ಕೈಬಿಡಲ್ಪಟ್ಟಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಹಳ್ಳಿಗರು ಮರಗಳನ್ನು ಅಪ್ಪಿ ನಿಂತು ಅಪ್ಪಿಕೋ ಚಳವಳಿಗೆ ನಾಂದಿ ಹಾಡಿದರು. 1989ರಲ್ಲಿ ಡಾ. ಶಿವರಾಮ ಕಾರಂತರು ತಮ್ಮ ಇಳಿವಯಸ್ಸಿನಲ್ಲಿ, ಕೈಗಾ ಅಣುಸ್ಥಾವರದ ಪ್ರಶ್ನೆಯನ್ನು ಮುಂದಿಟ್ಟು, ಇದೇ ಜಿಲ್ಲೆಯಿಂದ ಲೋಕಸಭೆಗೆ ಸ್ಪರ್ಧಿಸಿದರು. ಅವರು ಸೋತರು, ಕೈಗಾ ಸ್ಥಾವರ ಬಂದಿತು. ಆದರೆ ಇಂಧನದ ಪ್ರಶ್ನೆ ಜನರ ಪ್ರಶ್ನೆಯೆಂಬುದು ಅಂದಿನಿಂದ ಎಲ್ಲರಿಗೂ ಮನದಟ್ಟಾಯಿತು. ಈ ಪರಂಪರೆಯಲ್ಲಿ ನಮ್ಮ ಕಥೋಲಿಕ ಸಮುದಾಯದ ಧ್ವನಿ ಇನ್ನಷ್ಟು ಗಟ್ಟಿಯಾಗಿ ಕೇಳಿಸಬೇಕಾಗಿದೆ.

ಇನ್ನು ಈಗಿನ ಪ್ರಸ್ತಾಪ. ಪಂಪ್ಡ್ ಸ್ಟೋರೇಜ್ ಎಂದರೇನು? ಮೇಲೊಂದು ಜಲಾಶಯ, ಕೆಳಗೊಂದು ಜಲಾಶಯ. ವಿದ್ಯುತ್ತು ಹೇರಳವಾಗಿ ಸಿಗುವ ವೇಳೆಯಲ್ಲಿ ಕೆಳಗಿನ ನೀರನ್ನು ಪಂಪುಗಳಿಂದ ಮೇಲಕ್ಕೆತ್ತುವುದು. ಬೇಡಿಕೆ ಏರುವ ವೇಳೆಯಲ್ಲಿ ಅದೇ ನೀರನ್ನು ಕೆಳಕ್ಕಿಳಿಸಿ ವಿದ್ಯುತ್ತು ಪಡೆಯುವುದು. ಇಲ್ಲಿ ಮೇಲಿನದು ತಲಕಳಲೆ, ಕೆಳಗಿನದು ಗೇರುಸೊಪ್ಪೆ. ಎರಡೂ ಈಗಾಗಲೇ ಇರುವ ಜಲಾಶಯಗಳು. ನಡುವೆ ಭೂಗರ್ಭದಲ್ಲಿ ಸುರಂಗಗಳೂ ವಿದ್ಯುದಾಗಾರವೂ ಬರಬೇಕು. ಈ ಕಲ್ಪನೆಯ ಹಿಂದಿರುವ ಅಗತ್ಯ ನಿಜವಾದುದು. ಪಾವಗಡದ 2050 ಮೆಗಾವಾಟಿನ ಸೌರವನವೇ ಮೊದಲಾಗಿ ನಮ್ಮ ರಾಜ್ಯದಲ್ಲಿ ಸೂರ್ಯನಿಂದಲೂ ಗಾಳಿಯಿಂದಲೂ ಬರುವ ವಿದ್ಯುತ್ತು ಬಹಳವಾಗಿ ಬೆಳೆದಿದೆ. ಸೂರ್ಯ ಮುಳುಗುವ ಹೊತ್ತಿಗೆ ನಮ್ಮ ಮನೆಗಳ ದೀಪಗಳು ಬೆಳಗುತ್ತವೆ. ಹಗಲಿನ ವಿದ್ಯುತ್ತನ್ನು ಸಂಜೆಗೆ ಕೂಡಿಡುವ ಉಪಾಯ ಬೇಕೇ ಬೇಕು. ಇದನ್ನು ಅಲ್ಲಗಳೆಯುವವರು ಕಲ್ಲಿದ್ದಲಿಗೆ ಬಾಗಿಲು ತೆರೆದಂತಾಗುತ್ತದೆ. ಕಲ್ಲಿದ್ದಲು ಏನು ಮಾಡುತ್ತದೆಂಬುದನ್ನು ನಂದಿಕೂರು ಪರಿಸರದ ಕೃಷಿಕ ಕುಟುಂಬಗಳನ್ನು ಕೇಳಿ ತಿಳಿಯಬಹುದು.

ಆದರೂ ಕೆಲವು ಪ್ರಶ್ನೆಗಳಿಗೆ ಉತ್ತರ ಬೇಕು. ಒಂದನೆಯದಾಗಿ, ಇಂತಹ ಯೋಜನೆ ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ, ಕೂಡಿಡುತ್ತದೆ. ಕೂಡಿಡುವಾಗ ಐದನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗದಷ್ಟು ಸಾಮಾನ್ಯವಾಗಿ ನಷ್ಟವಾಗುತ್ತದೆ. ಐದು ಯೂನಿಟ್ ಕೊಟ್ಟರೆ ಹೆಚ್ಚೆಂದರೆ ನಾಲ್ಕು ಯೂನಿಟ್ ಹಿಂದಿರುಗುತ್ತದೆ. ಆ ಐದು ಯೂನಿಟ್ ಸೂರ್ಯನಿಂದ ಬಂದರೆ ಸರಿ; ರಾತ್ರಿಯ ಕಲ್ಲಿದ್ದಲಿನಿಂದ ಬಂದರೆ ಅದು ಶುದ್ಧ ಇಂಧನ ಹೇಗಾದೀತು? ಎರಡನೆಯದಾಗಿ, ಸ್ಥಳ. ಈ ಕಣಿವೆ 2019ರಲ್ಲಿ ಸಿಂಗಳೀಕಗಳ ರಕ್ಷಣೆಗಾಗಿ ಘೋಷಿಸಲಾದ ಅಭಯಾರಣ್ಯದಲ್ಲಿದೆ. ಮರದಿಂದ ಮರಕ್ಕೆ ಹಾರಿ ಬದುಕುವ ಈ ಪ್ರಾಣಿಗೆ ಕಾಡಿನ ಮೇಲ್ಛಾವಣಿ ಎಡೆಬಿಡದೆ ಹಬ್ಬಿರಬೇಕು. ಯೋಜನೆಗೆ 50 ಹೆಕ್ಟೇರಿಗೂ ಹೆಚ್ಚು ಅರಣ್ಯ, ಸಾವಿರಾರು ಮರಗಳು ಬೇಕೆಂದು ಪ್ರಸ್ತಾಪದಲ್ಲಿಯೇ ಇದೆ. ಮೂರನೆಯದಾಗಿ, ಮಳೆಗಾಲದಲ್ಲಿ ಕುಸಿಯುವ ಘಟ್ಟದ ಇಳಿಜಾರಿನಲ್ಲಿ ಸುರಂಗ ಕೊರೆಯುವುದರ ಪರಿಣಾಮ. ನಾಲ್ಕನೆಯದಾಗಿ, ಗೇರುಸೊಪ್ಪೆಯಿಂದ ಕೆಳಗೆ ಬಿಡುವ ನೀರಿನ ಪ್ರಮಾಣ ಮತ್ತು ವೇಳೆ ಬದಲಾದರೆ ಹೊನ್ನಾವರದ ಕುಡಿಯುವ ನೀರು, ದಡದ ತೋಟಗಳು, ಅಳಿವೆಯ ಮೀನುಗಾರಿಕೆ ಇವುಗಳ ಗತಿಯೇನು ಎಂಬುದು.

ಈ ನಾಲ್ಕನೆಯ ಪ್ರಶ್ನೆ ಸೂಕ್ಷ್ಮವಾದುದು. ವರ್ಷವಿಡೀ ಬರುವ ಸಿಹಿನೀರು ಅಳಿವೆಯ ಚಿಪ್ಪುಗಳನ್ನು ಅಳಿಸಿತೆಂದು ಮೇಲೆ ಹೇಳಿದೆವು. ಆದರೆ ಅದೇ ನೀರನ್ನು ನಂಬಿ ಆರು ದಶಕಗಳಲ್ಲಿ ದಡದವರು ತೆಂಗು, ಅಡಿಕೆ ಬೆಳೆಸಿಕೊಂಡಿದ್ದಾರೆ. ಈಗ ಹಠಾತ್ತಾಗಿ ಸಿಹಿನೀರು ಕಡಿಮೆಯಾದರೆ ಉಪ್ಪುನೀರು ಏರಿ ಬಾವಿಗಳೂ ತೋಟಗಳೂ ಕೆಡಬಹುದೆಂದು ಅವರು ಅಂಜುವುದು ಸಹಜ. ಒಮ್ಮೆ ನದಿಯ ಕ್ರಮವನ್ನು ಬದಲಿಸಿದವರಿಗೆ ಎರಡನೆಯ ಬಾರಿ ಬದಲಿಸುವ ಮುನ್ನ ಇಮ್ಮಡಿ ಎಚ್ಚರ ಬೇಕು. ಯಾವ ತಿಂಗಳಿನಲ್ಲಿ, ದಿನದ ಯಾವ ವೇಳೆಯಲ್ಲಿ, ಎಷ್ಟು ನೀರು ಅಳಿವೆಗೆ ಬಂದೀತು ಎಂಬುದನ್ನು ಯೋಜನೆಯವರು ಹೊನ್ನಾವರದ ಮೀನುಗಾರನಿಗೆ ಅವನ ಭಾಷೆಯಲ್ಲಿ ತಿಳಿಹೇಳುವಂತಾಗಬೇಕು. ಅದನ್ನು ಹೇಳಲಾಗದಿದ್ದಲ್ಲಿ ಯೋಜನೆ ಇನ್ನೂ ಸಿದ್ಧವಾಗಿಲ್ಲವೆಂದೇ ಅರ್ಥ.

ಹಾಗಾದರೆ ಬದಲಿ ದಾರಿಯೇನು? ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವ ಹಕ್ಕು ವಿರೋಧಿಸುವವರಿಗೂ ಇಲ್ಲ. ನಮ್ಮ ದೃಷ್ಟಿಯಲ್ಲಿ ಇದಕ್ಕೊಂದು ಅನುಕ್ರಮವಿದೆ. ಮೊದಲನೆಯದು ಉಳಿತಾಯ, ವ್ಯರ್ಥವಾಗದೆ ಉಳಿದ ಯೂನಿಟ್ಟಿಗೆ ಕಾಡು ಕಡಿಯಬೇಕಾಗಿಲ್ಲ, ಊರು ಮುಳುಗಬೇಕಾಗಿಲ್ಲ. ಎರಡನೆಯದು ಬಳಸುವ ಸ್ಥಳದಲ್ಲಿಯೇ ಉತ್ಪಾದನೆ, ಅಂದರೆ ಮನೆ, ಶಾಲೆ, ಸಭಾಭವನಗಳ ಮಾಡಿನ ಮೇಲಿನ ಸೌರಫಲಕ. ಮೂರನೆಯದು ಈಗಾಗಲೇ ಇರುವ ಜಲವಿದ್ಯುದಾಗಾರಗಳ ವಿವೇಕದ ಬಳಕೆ. ಲಿಂಗನಮಕ್ಕಿಯೇ ಒಂದು ದೊಡ್ಡ ಉಗ್ರಾಣ. ಹಗಲಿನಲ್ಲಿ ಸೂರ್ಯನಿಂದ ದುಡಿಸಿ, ನೀರನ್ನು ಹಿಡಿದಿಟ್ಟು, ಸಂಜೆಗೆ ಅದನ್ನು ಬಳಸಿದರೆ, ಕೆಳಗಿನ ಜಲಾಶಯ ಆ ಏರಿಳಿತವನ್ನು ಸಮಗೊಳಿಸಿದರೆ, ಹೊಸ ಸುರಂಗವಿಲ್ಲದೆಯೇ ಒಂದಷ್ಟು ಕೂಡಿಡುವಿಕೆ ಸಾಧ್ಯ. ನಾಲ್ಕನೆಯದು ಬ್ಯಾಟರಿಗಳು, ಮತ್ತು ದಟ್ಟಾರಣ್ಯವಿಲ್ಲದ, ನದಿಯ ಹರಿವಿಗೆ ಅಡ್ಡಿಯಾಗದ ಸ್ಥಳಗಳಲ್ಲಿ ಪಂಪ್ಡ್ ಸ್ಟೋರೇಜ್. ಇವೆಲ್ಲವನ್ನೂ ಪ್ರಾಮಾಣಿಕವಾಗಿ ತೂಗಿನೋಡಿದ ಬಳಿಕವೂ ಸಾಲದೆಂದಾದರೆ ಅಭಯಾರಣ್ಯದ ಮಾತು ಬರಬೇಕು. ಮೊದಲ ಮೆಟ್ಟಿಲಲ್ಲಿಯೇ ಅಲ್ಲಿಗೆ ಕೈಹಾಕುವುದು ಮನೆಯ ಅಟ್ಟದಲ್ಲಿ ಅಕ್ಕಿಯಿರುವಾಗ ಬೀಜದ ಭತ್ತವನ್ನು ಕುಟ್ಟಿ ಉಂಡಂತೆ.

ಇಂತಹ ಪ್ರಶ್ನೆ ನಮಗೆ ಮಾತ್ರ ಎದುರಾದುದಲ್ಲ. ಅಮೆರಿಕದ ವಾಯವ್ಯ ಭಾಗದಲ್ಲಿ ಕೊಲಂಬಿಯಾ ಎಂಬ ಮಹಾನದಿಯಿದೆ. ಕಳೆದ ಶತಮಾನದಲ್ಲಿ ಅದಕ್ಕೂ ಅದರ ಉಪನದಿಗಳಿಗೂ ಸಾಲುಸಾಲಾಗಿ ಅಣೆಕಟ್ಟುಗಳು ಬಂದವು. ಅಗ್ಗದ, ಹೊಗೆಯಿಲ್ಲದ ವಿದ್ಯುತ್ತು ಸಿಕ್ಕಿತು. ಆದರೆ ಸಮುದ್ರದಿಂದ ನದಿಯ ಮೇಲ್ಭಾಗಕ್ಕೆ ಈಜಿಹೋಗಿ ಮೊಟ್ಟೆಯಿಡುವ ಸಾಲ್ಮನ್ ಮೀನಿನ ದಾರಿ ಮುಚ್ಚಿತು. ಮೂಲನಿವಾಸಿಗಳು ಸಹಸ್ರಾರು ವರ್ಷ ಮೀನು ಹಿಡಿದ ಸೆಲೈಲೋ ಜಲಪಾತ 1957ರಲ್ಲಿ ಒಂದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. 1980ರಲ್ಲಿ ಆ ಪ್ರದೇಶಕ್ಕಾಗಿಯೇ ಒಂದು ಕಾನೂನು ಬಂದು, ಹೊಸ ವಿದ್ಯುತ್ತಿಗೆ ಕೈಹಾಕುವ ಮುನ್ನ ಉಳಿತಾಯಕ್ಕೆ ಪ್ರಾಶಸ್ತ್ಯ ಕೊಡಬೇಕು, ಮೀನಿನ ಹಿತವನ್ನೂ ವಿದ್ಯುತ್ತಿನ ಹಿತವನ್ನೂ ನ್ಯಾಯವಾಗಿ ತೂಗಬೇಕು ಎಂದು ವಿಧಿಸಿತು. ಆ ಮೇಲೂ ವಾದಗಳು ಮುಗಿದಿಲ್ಲ. ಮೀನುಗಾರರು, ಮೂಲನಿವಾಸಿಗಳು, ಪರಿಸರ ಸಂಘಟನೆಗಳು ಪಟ್ಟು ಬಿಡದೆ ದುಡಿಯುತ್ತಿದ್ದಾರೆ. ಗಮನಿಸಬೇಕಾದುದೇನೆಂದರೆ, 2001ರಲ್ಲಿ ಆ ನದಿಯ ಜಲಾನಯನ ಪ್ರದೇಶದ ಅಮೆರಿಕ ಮತ್ತು ಕೆನಡಾದ ಕಥೋಲಿಕ ಧರ್ಮಾಧ್ಯಕ್ಷರು ಒಟ್ಟಾಗಿ ಕೊಲಂಬಿಯಾ ನದಿಯ ಬಗ್ಗೆಯೇ ಒಂದು ಪಾಲನಾಪತ್ರವನ್ನು ಹೊರಡಿಸಿದರು. ಅದಕ್ಕೂ ಮುನ್ನ ಅವರು ಆ ನಾಡಿನ ಬೇರೆಬೇರೆ ಕಸುಬಿನವರ ಮಾತುಗಳಿಗೆ ಕಿವಿಗೊಟ್ಟರು. ಒಂದು ನದಿಯನ್ನು ಕುರಿತು ಧರ್ಮಾಧ್ಯಕ್ಷರು ಪತ್ರ ಬರೆಯಬಹುದಾದರೆ, ಒಂದು ನದಿಯ ಬಗ್ಗೆ ನಮ್ಮ ಪಾಲನಾ ಸಮಿತಿಗಳು ಒಂದು ಸಂಜೆ ಕುಳಿತು ಮಾತನಾಡಬಾರದೇ?

ಧರ್ಮಸಭೆಯ ಬೋಧನೆ ಇಲ್ಲಿ ಅಸ್ಪಷ್ಟವಾಗಿಲ್ಲ. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರ, ಕಲ್ಲಿದ್ದಲು ಮುಂತಾದ ಇಂಧನಗಳಿಂದ ಜಗತ್ತು ಹಿಂದೆ ಸರಿಯಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಅದೇ ಪತ್ರ, ಯಾವುದೇ ಯೋಜನೆಯ ಪರಿಸರ ಪರಿಣಾಮದ ಪರಿಶೀಲನೆ ಯೋಜನೆ ರೂಪುಗೊಂಡ ಮೇಲಿನ ಶಾಸ್ತ್ರವಾಗದೆ ಆರಂಭದಿಂದಲೇ ನಡೆಯಬೇಕು, ಆ ಚರ್ಚೆಯಲ್ಲಿ ಸ್ಥಳೀಯರಿಗೆ ವಿಶೇಷ ಸ್ಥಾನವಿರಬೇಕು ಎಂದೂ ಹೇಳುತ್ತದೆ. ಅಂದರೆ ಶುದ್ಧ ಇಂಧನವನ್ನೂ ನ್ಯಾಯವನ್ನೂ ಬೇರ್ಪಡಿಸಿ ಒಂದನ್ನು ಮಾತ್ರ ಇಟ್ಟುಕೊಳ್ಳುವ ಅವಕಾಶ ನಮಗಿಲ್ಲ. ಸರ್ವರ ಹಿತ ಎನ್ನುವುದು ಹೆಚ್ಚು ಮಂದಿಯ ಹಿತ ಎಂಬುದಕ್ಕೆ ಇನ್ನೊಂದು ಹೆಸರಲ್ಲ. ಒಂದು ಕೋಟಿ ಮನೆಗಳಿಗೆ ಬೆಳಕು ಸಿಗುವುದೆಂಬ ಕಾರಣಕ್ಕಾಗಿ ಒಂದು ಸಾವಿರ ಮನೆಗಳನ್ನು ಕೇಳದೆಯೇ ಕತ್ತಲಿಗೆ ದೂಡಬಹುದೆಂದಾದರೆ, ನಾಳೆ ಆ ಸಾವಿರದಲ್ಲಿ ಯಾರ ಮನೆಯೂ ಇರಬಹುದು.

ಮನೆಮನೆಗಳಲ್ಲಿ ನಾವೇನು ಮಾಡಬಹುದು? ಮೊದಲನೆಯದಾಗಿ, ನಮಗಿರುವ ಹಕ್ಕನ್ನು ಅರಿತುಕೊಳ್ಳೋಣ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ, ಅದರ ವ್ಯಾಪ್ತಿಗೆ ಬರುವ ದೊಡ್ಡ ಯೋಜನೆಗಳ ಅಹವಾಲು ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಯಾರೂ ಸಭೆಗೆ ಬಂದು ಮಾತನಾಡಬಹುದು, ಲಿಖಿತವಾಗಿಯೂ ಅಭಿಪ್ರಾಯ ಸಲ್ಲಿಸಬಹುದು. ಇಂತಹ ಪ್ರಕಟಣೆ ಬಂದಾಗ ವಾಡೆಯ ಗುರಿಕಾರರು ಆ ಸಾರಾಂಶವನ್ನು ತರಿಸಿ, ಓದುಬರಹ ಬಲ್ಲ ಯುವಕ ಯುವತಿಯರಿಂದ ಕೂಟದಲ್ಲಿ ಓದಿಸಲಿ. ಸಹಿ ಹಾಕುವ ಮುನ್ನ ಓದುವುದು, ಓದಿದ ಮೇಲೆ ಸಹಿ ಹಾಕಲು ಅಂಜದಿರುವುದು, ಎರಡೂ ನಾಗರಿಕನ ಕರ್ತವ್ಯ. ಊರವರು ಹಿಂದೂಗಳಿರಲಿ, ಮುಸ್ಲಿಮರಿರಲಿ, ಅವರೊಂದಿಗೆ ಸೇರಿಯೇ ಮಾತನಾಡೋಣ, ನದಿಗೆ ಜಾತಿಯಿಲ್ಲ.

ಎರಡನೆಯದಾಗಿ, ನಮ್ಮ ಖರ್ಚನ್ನು ನೋಡಿಕೊಳ್ಳೋಣ. ನಮ್ಮ ಫೆಸ್ತುಗಳಲ್ಲಿ ಇಗರ್ಜಿಯ ಗೋಪುರದಿಂದ ಹೆದ್ದಾರಿಯವರೆಗೆ ವಾರಗಟ್ಟಲೆ ಉರಿಯುವ ದೀಪಾಲಂಕಾರ, ಮದುವೆಯ ಸಭಾಭವನಗಳಲ್ಲಿ ಅತಿಥಿಗಳು ಹೊರಟುಹೋದ ಮೇಲೂ ತಿರುಗುತ್ತಿರುವ ಹವಾನಿಯಂತ್ರಕ, ಇವುಗಳ ಬೆಲೆಯನ್ನು ಯಾವುದೋ ಕಣಿವೆ ತೆರುತ್ತದೆ. 2023ರಿಂದ ರಾಜ್ಯದಲ್ಲಿ 200 ಯೂನಿಟ್‌ವರೆಗಿನ ಗೃಹಬಳಕೆಗೆ ಅರ್ಹ ಕುಟುಂಬಗಳು ಹಣ ಕೊಡಬೇಕಾಗಿಲ್ಲ. ಬಡಕುಟುಂಬಗಳಿಗೆ ಇದು ದೊಡ್ಡ ಆಸರೆ. ಆದರೆ ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ನದಿಯ ಲೆಕ್ಕ ಸೊನ್ನೆಯಾಗುವುದಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಿಕೊಡೋಣ. ಮೂರನೆಯದಾಗಿ, ಅನುಕೂಲವಿರುವವರು ಮಾಡಿನ ಮೇಲೆ ಸೌರಫಲಕ ಹಾಕಿಸಿಕೊಳ್ಳಲಿ; 2024ರಲ್ಲಿ ಆರಂಭವಾದ ಕೇಂದ್ರ ಸರಕಾರದ ಸೂರ್ಯಘರ್ ಯೋಜನೆಯಡಿ ಮೂರು ಕಿಲೋವಾಟ್ ಅಥವಾ ಅದಕ್ಕೆ ಮೇಲ್ಪಟ್ಟ ಘಟಕಕ್ಕೆ 78,000 ರೂಪಾಯಿಗಳ ಸಹಾಯಧನ ನಿಗದಿಯಾಗಿದೆ. ಧರ್ಮಕೇಂದ್ರಗಳ ಸಭಾಭವನಗಳೂ ಶಾಲೆಗಳೂ ವಿಶಾಲವಾದ ಮಾಡುಗಳನ್ನು ಹೊಂದಿವೆ. ಬಿಸಿಲಿಗೆ ನಮ್ಮ ಕರಾವಳಿಯಲ್ಲಿ ಬರವಿಲ್ಲ. ಕಾಡು ಉಳಿಸಿರೆಂದು ಮನವಿ ಬರೆಯುವ ಕೈ ಮೊದಲು ತನ್ನ ಮನೆಯ ಅನಗತ್ಯ ದೀಪವನ್ನು ಆರಿಸಿದ್ದರೆ ಆ ಮನವಿಗೆ ತೂಕ ಹೆಚ್ಚು.

ಲಿಂಗನಮಕ್ಕಿಯನ್ನು ಒಡೆಯಿರೆಂದು ನಾವು ಹೇಳುತ್ತಿಲ್ಲ. ಕೊಟ್ಟ ನದಿ ಕೊಟ್ಟಾಗಿದೆ, ಪಡೆದವರು ಪಡೆದಾಗಿದೆ. ಆದರೆ ಪಡೆದವರ ಮೇಲೆ ಮೂರು ಬಾಧ್ಯತೆಗಳು ಉಳಿದಿವೆ: ಮುಳುಗಡೆಯಾದವರಿಗೆ ಭೂಮಿಯ ಹಕ್ಕುಪತ್ರ ಕೊಡಿಸುವುದು, ಶರಾವತಿಯ ಅಳಿವೆಗೆ ಋತುಮಾನಕ್ಕೆ ಆದಷ್ಟು ಹೊಂದುವಂತೆ ನೀರು ಬಿಡುವ ಕ್ರಮವನ್ನು ದಡದವರ ಒಪ್ಪಿಗೆಯಿಂದ ಹುಡುಕುವುದು, ಮತ್ತು ಈಗಾಗಲೇ ಒಮ್ಮೆ ಎಲ್ಲವನ್ನೂ ಕೊಟ್ಟ ಕಣಿವೆಯನ್ನು ಇನ್ನೊಮ್ಮೆ ಕೇಳುವ ಮುನ್ನ ಉಳಿದ ಎಲ್ಲ ಬಾಗಿಲುಗಳನ್ನು ತಟ್ಟಿ ನೋಡುವುದು. ಮೇ ತಿಂಗಳಿನಲ್ಲಿ ಹೊನ್ನಾವರದ ಸೇತುವೆಯ ಮೇಲೂ ಅಘನಾಶಿನಿಯ ದಡದಲ್ಲಿಯೂ ಹೋಗಿ ನಿಂತು ನೋಡುವ ಅವಕಾಶ ಒದಗಿದವರು ತಮ್ಮ ಮಕ್ಕಳನ್ನೂ ಕರೆದುಕೊಂಡು ಹೋಗಲಿ. ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಬಳಚು ಹೆಕ್ಕಲು ಸೊಂಟಮಟ್ಟದ ನೀರಿನಲ್ಲಿ ಬಾಗಿರುವ ಹೆಂಗಸರನ್ನು ಅವರಿಗೆ ತೋರಿಸಲಿ; ಶರಾವತಿಯಲ್ಲಿ ಆ ಕಸುಬು ಏಕೆ ಕಾಣುತ್ತಿಲ್ಲವೆಂದು ಮಕ್ಕಳು ಕೇಳಿದರೆ, ಮುಚ್ಚುಮರೆಯಿಲ್ಲದೆ ಉತ್ತರ ಹೇಳಲಿ.